ಒಣ ಬಾಯಿಯ ಸಾಕ್ಷಿ

ಅಮೆರಿಕದ ಕಾನೂನಿನ ಚರಿತ್ರೆಯನ್ನು ಎಲ್ಲಿಂದ ಓದತೊಡಗಬೇಕು ಎಂದು ಯಾರಾದರೂ ಕೇಳಿದರೆ, ಸಂವಿಧಾನದಿಂದ ಬೇಡ ಎನ್ನುತ್ತೇನೆ. ಇದು ನನ್ನ ಸ್ವಂತ ಬುದ್ಧಿಯಲ್ಲ. ರೋಣದಲ್ಲಿ ನನ್ನ ಸೋದರಮಾವನ ಮನೆಯ ಎದುರಿಗಿದ್ದ ಮುದಿ ವಕೀಲರೊಬ್ಬರು ಹೇಳಿಕೊಟ್ಟದ್ದು. ಆದರೆ ಅವರು ಕೊಟ್ಟ ಕಾರಣ ಬೇರೆ, ನಾನು ಈಗ ಕೊಡುವ ಕಾರಣ ಬೇರೆ. ಇವೆರಡರ ನಡುವೆ ಗಜೇಂದ್ರಗಡದ ಒಂದು ಪಡಸಾಲೆಯಲ್ಲಿ ನಾನು ಒಂದು ಹಿಡಿ ಹಸಿ ಅಕ್ಕಿಯನ್ನು ಅಗಿದದ್ದಿದೆ.

ಏಕೀಕರಣವಾದ ಮರುವರ್ಷದ ಬೇಸಿಗೆ. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ನರಗುಂದದ ಕಾಳಿನ ವ್ಯಾಪಾರಿಯ ಮಗಳು ಹಾಸ್ಟೆಲಿನಲ್ಲಿದ್ದು ಓದುವುದೇ ಪೇಟೆಯಲ್ಲಿ ಸುದ್ದಿಯಾಗಿತ್ತು. ಸಾಲದ್ದಕ್ಕೆ ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ. ಯಾವ ಪಕ್ಷ ಕೊಟ್ಟರೂ ಎದ್ದು ನಿಂತು ಗೆಲ್ಲುವುದು ನಮಗೆ ಕಲಿಸಿದ ವಿದ್ಯೆ. ಜೂನಿನಲ್ಲಿ ಕಾಲೇಜು ತೆರೆದ ಕೂಡಲೇ 'ನಮ್ಮ ಸಂವಿಧಾನ ಎರವಲು ತಂದದ್ದು' ಎಂಬ ವಿಷಯದ ಮೇಲೆ ವಾದವಿತ್ತು. ಮೂಲಭೂತ ಹಕ್ಕುಗಳನ್ನು ಅಮೆರಿಕದವರಿಂದ ತಂದೆವು ಎಂದು ಎಲ್ಲರೂ ಹೇಳುತ್ತಿದ್ದರು. ಹಾಗಿದ್ದರೆ ಅಮೆರಿಕದವರು ಅದನ್ನು ಹೇಗೆ ಗಳಿಸಿದರು ಎಂದು ತಿಳಿದುಕೊಂಡು ಎದುರಾಳಿಯನ್ನು ಅಲ್ಲೇ ಕೆಡವಬೇಕೆಂದು ರೋಣಕ್ಕೆ ಬಂದಿದ್ದೆ.

ವಕೀಲ ಅಜ್ಜನವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಂಬಯಿಯಲ್ಲಿ ಓದಿದ ಕಾಲದಿಂದ ಕೂಡಿಟ್ಟ ಪುಸ್ತಕಗಳು ಕಪಾಟಿನ ತುಂಬ ಇದ್ದವು. ಯಾವುದು ಎಲ್ಲಿದೆ ಎಂದು ಕೈಯಿಂದ ಮುಟ್ಟಿ ಹೇಳುತ್ತಿದ್ದರು, ಓದುವುದು ಮಾತ್ರ ಆಗುತ್ತಿರಲಿಲ್ಲ. ಹೀಗಾಗಿ ನಾನು ಗಟ್ಟಿಯಾಗಿ ಓದಬೇಕು, ಅವರು ನಡುನಡುವೆ ನಿಲ್ಲಿಸಿ ಕೆಣಕಬೇಕು ಎಂದು ಒಪ್ಪಂದವಾಯಿತು.

ಮೊದಲ ದಿನ ಅವರು ತೆಗೆಸಿದ್ದು ಸಂವಿಧಾನದ ಪುಸ್ತಕವಲ್ಲ. ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದಾಗ ಸಮುದ್ರದಂಡೆಯ ಒಂದು ಸಣ್ಣ ಊರಿನಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ವಿಚಾರಣೆ ಮಾಡಿದ ಚರಿತ್ರೆ.

"ಅಜ್ಜಾರ, ಸಂವಿಧಾನ ಕೇಳಾಕ ಬಂದ್ರ ಮಾಟದ ಕಥಿ ಓದಸ್ತೀರಲ್ರಿ. ನಾ ಏನ ಸಣ್ಣ ಹುಡುಗಿ ಏನ್ರಿ?"

"ಸಣ್ಣ ಹುಡುಗಿ ಇದ್ದಿದ್ರ ರಾಜಕುಮಾರನ ಕಥಿ ಹೇಳ್ತಿದ್ದೆ. ನೀ ವಾದ ಮಾಡಾಕಿ. ವಾದ ಮಾಡೋರು ಮದಲ ಏನ ಓದಬೇಕು ಗೊತ್ತೇನು? ಶಾಣ್ಯಾ ನ್ಯಾಯಾಧೀಶರು ಹ್ಯಾಂಗ ತಪ್ಪತಾರ ಅನ್ನೋದು. ಆಮ್ಯಾಲೆ ಉಳದದ್ದು."

ಉಳಿದದ್ದಕ್ಕೂ ಅವರು ಕ್ರಮ ಹಾಕಿದ್ದರು. ಮಾಟಗಾತಿಯರ ವಿಚಾರಣೆ ಮುಗಿದ ಮೇಲೆ ಕರಿಯರ ಬಗೆಗಿನ ಎರಡು ತೀರ್ಪುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಓದಬೇಕು. ಒಂದರಲ್ಲಿ ಅಲ್ಲಿಯ ದೊಡ್ಡ ಕೋರ್ಟು, ಗುಲಾಮರ ವಂಶದವನು ಈ ದೇಶದ ಪ್ರಜೆಯೇ ಅಲ್ಲ, ಕೋರ್ಟಿನ ಮೆಟ್ಟಿಲು ಹತ್ತುವ ಹಕ್ಕೂ ಇಲ್ಲ ಎಂದಿತ್ತು. ಇನ್ನೊಂದರಲ್ಲಿ, ಮೊನ್ನೆ ಮೊನ್ನೆ, ಅದೇ ಕೋರ್ಟು ಕರಿಯರ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂಡಿಸಕೂಡದು ಎಂದಿತ್ತು. ಯಾವ ತೀರ್ಪನ್ನು ಓದಿದರೂ ಗೆದ್ದವರ ಮಾತಿಗಿಂತ ಮೊದಲು, ಒಪ್ಪದೆ ಬೇರೆ ಬರೆದ ನ್ಯಾಯಾಧೀಶನ ಮಾತನ್ನು ಓದಬೇಕು ಎನ್ನುವುದು ಅವರ ಇನ್ನೊಂದು ಪಟ್ಟು. ಅವನಿಗೆ ಸೋಲು ಖಚಿತವಿರುತ್ತದೆ, ಹಾಗಾಗಿ ಯಾರನ್ನೂ ಮೆಚ್ಚಿಸಲು ಬರೆಯುವುದಿಲ್ಲ ಎನ್ನುತ್ತಿದ್ದರು. ಇದಕ್ಕೂ ನಾನು ವಾದ ಹೂಡಿದೆ, ಸೋಲುವವರೆಲ್ಲ ಪ್ರಾಮಾಣಿಕರು ಎಂದು ಯಾರು ಹೇಳಿದರು ಎಂದು. ಅವರು ನಕ್ಕು, ಓದು ಎಂದರು.

ಓದಿದೆ. ಆ ಊರಿನ ಕೆಲವು ಹುಡುಗಿಯರು ಕಿರುಚಿ ಬೀಳುತ್ತಿದ್ದರು. ತಮ್ಮನ್ನು ಪೀಡಿಸುವವಳ ನೆರಳು ತಮಗೆ ಕಾಣುತ್ತದೆ ಎನ್ನುತ್ತಿದ್ದರು. ಬೇರೆ ಯಾರಿಗೂ ಕಾಣದ ಆ ನೆರಳೇ ಸಾಕ್ಷಿ. ಆರೋಪಿಯ ಕೈಯನ್ನು ಬಿದ್ದ ಹುಡುಗಿಗೆ ಮುಟ್ಟಿಸುವುದು, ಹುಡುಗಿ ಸುಮ್ಮನಾದರೆ ಆರೋಪಿ ಸಿಕ್ಕಿಬಿದ್ದಂತೆ. ಹೌದು ನಾನು ಮಾಟಗಾತಿ ಎಂದು ಒಪ್ಪಿಕೊಂಡವರು ಬದುಕಿದರು. ಅಲ್ಲ ಎಂದವರು ನೇಣಿಗೆ ಹೋದರು. ಒಬ್ಬ ಮುದುಕ ತಪ್ಪಿತಸ್ಥನೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಬಾಯಿ ಬಿಡಿಸಲು ಅವನ ಎದೆಯ ಮೇಲೆ ಕಲ್ಲು ಹೇರುತ್ತ ಹೋದರು. ಅವನು ಬಾಯಿ ಬಿಡದೆಯೇ ಸತ್ತ.

ಮುಟ್ಟಿಸಿ ನೋಡುವ ಪರೀಕ್ಷೆಯ ಪುಟದಲ್ಲಿ ನಾನು ನಕ್ಕುಬಿಟ್ಟೆ.

"ನಗು ಬಂತೇನು?" ಎಂದರು ಅಜ್ಜ. "ಅಲ್ಲಿ ಕೂತಿದ್ರ ನೀನೂ ಅಂಜತಿದ್ದಿ."

"ಅಂಜತಿದ್ದೆ, ಖರೇ. ಅಂಜಿದವರೆಲ್ಲ ಮಾಟಗಾತೇರಲ್ಲ ಅಂತನೂ ಹೇಳತಿದ್ದೆ."

"ಹೇಳಲಿಕ್ಕೆ ಆವಾಗ ನಾಲಿಗಿ ಹೊಳ್ಳಬೇಕಲ್ಲವಾ."

ಅದಕ್ಕೆ ಒಂದು ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ. ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮರುದಿನ ಗಜೇಂದ್ರಗಡದ ಬಸ್ಸು ಹತ್ತಿದೆ.

ಗಜೇಂದ್ರಗಡ ಅಕ್ಕನ ಗಂಡನ ಊರು. ಗುಡ್ಡದ ಬುಡದ ಪೇಟೆಯಲ್ಲಿ ಅವರದು ಶೇಂಗಾ, ಅರಳೆಯ ವ್ಯಾಪಾರ, ಜತೆಗೆ ಹೊಲ. ಅಕ್ಕನ ನಾದಿನಿ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯಲ್ಲಿ ಜನ ಹಿಡಿಸಲಾರದಷ್ಟು ಇದ್ದರು. ಅಕ್ಕನ ಅತ್ತೆ ಅಂದು ತಮ್ಮ ಬೋರಮಾಳ ಹಾಕಿಕೊಂಡಿದ್ದರು. ಬಂಗಾರದ ಗುಂಡುಗಳ ದೊಡ್ಡ ಸರ, ಅವರ ತಾಯಿ ಕೊಟ್ಟದ್ದು. ಪೋಣಿಸಿದ ನೂಲು ಸಡಿಲಾಗಿದೆ ಎಂದು, ಬಡಿಸಲು ನಿಲ್ಲುವ ಮೊದಲು ಅದನ್ನು ತೆಗೆದು ಒಳಕೋಣೆಯ ಮಾಡಿನಲ್ಲಿ, ಗೋಡೆಯ ಗೂಡಿನಲ್ಲಿ, ಇಟ್ಟು, ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಅಕ್ಕನ ಕೈಗೆ ಕೊಟ್ಟರು. ಮಧ್ಯಾಹ್ನವೆಲ್ಲ ಆ ಕೋಣೆಯಿಂದ ಎಲೆ, ಅಡಿಕೆ, ಬಾಳೆಹಣ್ಣು ತರುವುದೇ ಕೆಲಸ. ಅಕ್ಕ, ಅವಳ ದೊಡ್ಡ ನೆಗೆಣ್ಣಿ ಅಂದರೆ ಭಾವನ ಅತ್ತಿಗೆ, ನಾದಿನಿ, ನಾನು ಎಲ್ಲರೂ ಒಳಗೆ ಹೋಗಿ ಬಂದೆವು. ಬೀಗರು ಎದ್ದು ಹೋದ ಮೇಲೆ ನೋಡಿದರೆ ಮಾಡು ಬರಿದಾಗಿತ್ತು.

ಅತ್ತೆ ಕಿರುಚಲಿಲ್ಲ. ಕಿರುಚಿದ್ದರೆ ಚಲೋ ಇತ್ತು. ಅಕ್ಕನ ಮುಖ ನೋಡಿ, "ಕೀಲಿ ನಿನ್ನ ಕಡೆ ಇತ್ತಲ್ಲವಾ?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ತುಟಿ ಸವರಿಕೊಂಡಳು. ಹೌದು ಎನ್ನಲು ಅವಳಿಗೆ ಸ್ವರ ಹೊರಡಲಿಲ್ಲ.

ಇದು ಅವಳ ಹುಟ್ಟುಗುಣ. ಸಾಲಿಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ, ಮನೆಯಲ್ಲಿ ಚೆನ್ನಾಗಿ ಒಪ್ಪಿಸಿದ ಪದ್ಯದ ಒಂದು ಅಕ್ಷರ ಕೂಡ ಬರುತ್ತಿರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಅವಳ ಪಾಲಿನ ಮಾತನ್ನೆಲ್ಲ ನೀನೇ ಹೊತ್ತುಕೊಂಡು ಬಂದೆ ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು.

ಮರುದಿನ ಬೂದಿಯ ಬುಟ್ಟಿ ಇಟ್ಟರು. ಕತ್ತಲ ಒಳಕೋಣೆಯಲ್ಲಿ ಒಂದು ದೊಡ್ಡ ಬುಟ್ಟಿ ತುಂಬ ಒಲೆಯ ಬೂದಿ. ಕೋಣೆಗೆ ಹೋಗಿ ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೋಗಿ ಮುಚ್ಚಿದ ಮುಷ್ಟಿಯನ್ನು ಬೂದಿಯಲ್ಲಿ ಹುದುಗಿಸಿ ಬರಬೇಕು. ತೆಗೆದುಕೊಂಡವರು ಅಲ್ಲಿ ಬಿಟ್ಟು ಬಂದರೆ ಯಾರೂ ಏನೂ ಕೇಳುವುದಿಲ್ಲ. ಈ ಪದ್ಧತಿ ನನಗೆ ಹಿಡಿಸಿತು. ಇದನ್ನು ಕಂಡುಹಿಡಿದವರಿಗೆ ಮನುಷ್ಯರ ಬಗೆಗೆ ತಿಳಿವಳಿಕೆ ಇತ್ತು. ಆದರೆ ಬೂದಿಯನ್ನು ಜರಡಿ ಹಿಡಿದಾಗ ಇದ್ದಿಲ ಚೂರು ಬಿಟ್ಟು ಬೇರೇನೂ ಸಿಗಲಿಲ್ಲ.

"ಹಂಗಾರ ಸೋಮವಾರ ಅಕ್ಕಿ ಕೊಡಸೋಣು," ಎಂದರು ಅತ್ತೆ.

ನನಗೆ ಅರ್ಥವಾಗಲಿಲ್ಲ. ದೊಡ್ಡ ನೆಗೆಣ್ಣಿಯನ್ನು ಕೇಳಿದೆ. ಮುಶಿಗೇರಿಯಲ್ಲಿ ಒಬ್ಬ ಮುತ್ಯಾ ಇದ್ದಾನೆ, ಮಂತ್ರಿಸಿದ ಅಕ್ಕಿ ಕೊಡುತ್ತಾನೆ, ಅಗಿದು ಉಗುಳಬೇಕು, ಕದ್ದವರ ಬಾಯಲ್ಲಿ ಅಕ್ಕಿ ನೆನೆಯುವುದಿಲ್ಲ, ಒಣ ಹಿಟ್ಟಾಗಿ ಬರುತ್ತದೆ ಎಂದು ಅವಳು ಹೇಳಿದಳು. ಜೋಳ ತಿನ್ನುವ ನಮ್ಮ ಸೀಮೆಯಲ್ಲಿ ಅಕ್ಕಿ ಹಬ್ಬದ ದಿನ ನೋಡುವ ಧಾನ್ಯ. ಅದಕ್ಕೆ ಇಂಥ ಕೆಲಸವೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಒಣ ಬಂದ್ರ ಏನ ಮಾಡತಾರ?"

"ಸವಡಿ ಊರಾಗ ನಮ್ಮ ಸಂಬಂಧಿಕರ ಸೊಸೀದು ಒಣ ಬಂದಿತ್ತು. ನಾಕ ದಿನ ತವರಿಗೆ ಹೋಗಿ ಬಾ ಅಂದ್ರು."

"ಆಮ್ಯಾಲೆ?"

"ಆಮ್ಯಾಲೇನು. ಯಾರೂ ಕರಿಯಾಕ ಹೋಗಲಿಲ್ಲ."

ಕಳೆದುಹೋದ ಒಡವೆ ಮುಂದೆ ಎಲ್ಲಾದರೂ ಸಿಕ್ಕಿತೇ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲವಂತೆ, ಕೇಳಿದವರೂ ಇರಲಿಲ್ಲವಂತೆ.

ಅಕ್ಕನ ಬಾಯಿ ನನಗೆ ಗೊತ್ತಿತ್ತು. ಕದಿಯದಿದ್ದರೂ ಒಣಗುತ್ತದೆ. ಕದಿಯಲಿಲ್ಲವೆಂದೇ ಇನ್ನಷ್ಟು ಒಣಗುತ್ತದೆ. ಭಾವ ಅರಳೆ ತೆಗೆದುಕೊಂಡು ಗದಗಿನ ಪೇಟೆಗೆ ಹೋದವರು ಬುಧವಾರದ ತನಕ ಬರುವವರಲ್ಲ. ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ.

ಹಿತ್ತಲಲ್ಲಿ ಬಾನಿಯ ಹತ್ತಿರ ಪಾತ್ರೆ ತೊಳೆಯುತ್ತ ಕೂತಿದ್ದ ಅಕ್ಕನ ಬಳಿ ಹೋದೆ.

"ಸೋಮವಾರ ಹೊಟ್ಟಿ ತುಂಬ ನೀರ ಕುಡದ ಹೋಗು."

"ಮುಂಜಾನಿಂದ ನೀರ ಬಾಯಾಗ ಹಾಕಬಾರದಂತ. ಅತ್ತಿ ಈಗ ಹೇಳಿ ಹೋದ್ರು."

"ಈ ಬಿಸಲಾಗ?"

"ಎಲ್ಲಾರಿಗೂ ಹಂಗ ಅಂತ." ಅವಳು ತಂಬಿಗೆ ತಿಕ್ಕುತ್ತಲೇ ಇದ್ದಳು. ತಿಕ್ಕಿದ ತಂಬಿಗೆಯನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದಳು. "ನಾ ತಗೊಂಡಿಲ್ಲ."

"ನನಗ ಹೇಳಬೇಕೇನ ಹುಚ್ಚಿ?"

"ಅಲ್ಲ, ಹೇಳಾಕ ಬರತೈತೇನ ಅಂತ ನೋಡಿದೆ. ನಿನ್ನ ಮುಂದ ಬರತೈತಿ."

ನಾನು ನೇರವಾಗಿ ಅಕ್ಕನ ಮಾವನ ಹತ್ತಿರ ಹೋದೆ. ಊರಿನ ನಾಲ್ಕು ಮಂದಿ ಮಾತು ಕೇಳುವಂಥ ಮನುಷ್ಯ. ಹುಬ್ಬಳ್ಳಿಯ ಪತ್ರಿಕೆಯನ್ನು ಮೊದಲ ಸಾಲಿನಿಂದ ಕಡೆಯ ಸಾಲಿನ ತನಕ ಓದುತ್ತಿದ್ದರು. ನಾನು ಬಂದಾಗಲೆಲ್ಲ ಮಾತಿಗೆ ಕೂಡಿಸಿಕೊಂಡು ನನ್ನ ತರ್ಕವನ್ನು ಕೇಳಿ ಸಂತೋಷಪಡುತ್ತಿದ್ದರು.

"ಬರ್ರಿ ಬ್ಯಾರಿಸ್ಟರ್ ಸಾಹೇಬ್ರ," ಎಂದರು. "ಇವತ್ತ ಯಾರ ಮ್ಯಾಲ ದಾವೆ?"

ಸ್ಪರ್ಧೆಯಲ್ಲಿ ನಿಂತಂತೆಯೇ ಹೇಳಿದೆ. ಅಂಜಿಕೆಯಿಂದ ಯಾರ ಬಾಯಿಯಾದರೂ ಒಣಗುತ್ತದೆ. ಅಂಜುವುದಕ್ಕೆ ಕದ್ದೇ ಇರಬೇಕೆಂದಿಲ್ಲ. ಧೈರ್ಯದ ಕಳ್ಳಿ ಒಬ್ಬಳಿದ್ದರೆ ಅವಳ ಬಾಯಲ್ಲಿ ಅಕ್ಕಿ ಚೆನ್ನಾಗಿ ನೆನೆದು ಬರುತ್ತದೆ, ಅವಳು ಗೆಲ್ಲುತ್ತಾಳೆ. ಈ ಪರೀಕ್ಷೆ ಕಳ್ಳರನ್ನು ಹಿಡಿಯುವುದಿಲ್ಲ, ಅಂಜುಬುರುಕರನ್ನು ಹಿಡಿಯುತ್ತದೆ. ಅಮೆರಿಕದ ಆ ಊರಿನ ಕತೆಯನ್ನೂ ಹೇಳಿದೆ. ಅಲ್ಲಿಯ ಒಬ್ಬ ನ್ಯಾಯಾಧೀಶ ಆಮೇಲೆ ತನ್ನ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡ ಎಂದೆ.

ಅವರು ಒಂದು ಮಾತೂ ತಪ್ಪಿಸದೆ ಕೇಳಿದರು.

"ಎಲ್ಲಾ ಖರೇ ತಂಗಿ. ಹಂಗಾರ ಕಳ್ಳರನ್ನ ಹಿಡಿಯೋದು ಹ್ಯಾಂಗ, ಅದನ್ನಷ್ಟ ಹೇಳು."

"ಹಿಡಿಯಾಕ ಆಗದಿದ್ರ ಬಿಡಬೇಕ್ರಿ."

"ಬಿಟ್ಟೆ ಅನ್ನು. ನಿಮ್ಮಕ್ಕನ ಅತ್ತಿ ಮನಸಿನ್ಯಾಗ ಸಂಶೆ ಉಳೀತು. ಇನ್ನ ಹತ್ತ ವರ್ಷ ನಿಮ್ಮಕ್ಕ ಅದರ ಜೋಡಿ ಬಾಳ್ವೆ ಮಾಡಬೇಕು. ಪೋಲೀಸರನ್ನ ಕರದೆ ಅನ್ನು. ಫೌಜದಾರ ಬಂದು ಹೆಣ್ಣಮಕ್ಕಳನ್ನ ಸಾಲಾಗಿ ನಿಲ್ಲಸ್ತಾನ. ಅದು ಬೇಕೇನು? ಆಕೀ ಮ್ಯಾಲಿನ ಸಂಶೆ ತಗ್ಯಾಕಂತನ ನಾ ಅಕ್ಕಿಗೆ ಒಪ್ಪೇನಿ. ಆಕಿ ತಗೊಂಡಿಲ್ಲ ಅಂತ ನನಗೂ ಅನಸತೈತಿ."

ಅವರ ತರ್ಕಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಅವರ ಒಳ್ಳೆಯತನ. ಪುಸ್ತಕದ ನ್ಯಾಯಾಧೀಶರನ್ನು ನಾನು ಕೆಟ್ಟವರೆಂದೋ ದಡ್ಡರೆಂದೋ ಊಹಿಸಿಕೊಂಡು ನಕ್ಕಿದ್ದೆ. ಅವರೂ ಹೀಗೆಯೇ ಪತ್ರಿಕೆ ಮಡಿಸಿಟ್ಟು, ಎದುರಿನವರ ಮಾತನ್ನು ಪೂರ್ತಿ ಕೇಳಿ, ನಿನ್ನ ಒಳ್ಳೆಯದಕ್ಕೇ ಎಂದು ಹೇಳಿರಬಹುದಲ್ಲ. ದುಷ್ಟರನ್ನು ವಾದದಲ್ಲಿ ಸೋಲಿಸಬಹುದು. ಇವರನ್ನು ಏನು ಮಾಡುವುದು?

ಎರಡು ದಿನ ಅನ್ನ ಸೇರಲಿಲ್ಲ. ಆದರೂ ತಲೆ ತನ್ನ ಕೆಲಸ ಬಿಡಲಿಲ್ಲ, ಒಂದು ಉಪಾಯ ಹೂಡಿತು. ಮೊದಲು ನಾನೇ ಅಗಿಯುತ್ತೇನೆ. ನಾನು ಕದ್ದಿಲ್ಲವೆಂದು ಎಲ್ಲರಿಗೂ ಗೊತ್ತು. ನನ್ನದು ಒಣ ಬಂದರೆ ಪರೀಕ್ಷೆಯೇ ಸುಳ್ಳೆಂದು ಅಲ್ಲೇ ರುಜುವಾತಾಗುತ್ತದೆ. ನೆನೆದು ಬಂದರೆ ಅಕ್ಕನಿಗೆ ಧೈರ್ಯ ಬರುತ್ತದೆ. ಎರಡೂ ಕಡೆಯಿಂದ ಗೆಲ್ಲುವ ವಾದ. ಇಂಥ ವಾದ ಸಿಕ್ಕರೆ ಚರ್ಚಾಸ್ಪರ್ಧೆಯಲ್ಲಿ ನಾವು ಕುಣಿಯುತ್ತಿದ್ದೆವು.

ಸೋಮವಾರ ಮುಂಜಾನೆ ಮುತ್ಯಾ ಬಂದ. ಭಯಂಕರನಾದ ಯಾರನ್ನೋ ಎಣಿಸಿದ್ದೆ. ಬಂದವನು ಒಗೆದ ಧೋತರದ, ಬಗ್ಗಿದ ಬೆನ್ನಿನ, ಮಕ್ಕಳನ್ನು ಕಂಡರೆ ಕೈ ಚಾಚುವ ಮುದುಕ. ತೊಟ್ಟಿಲಿನ ಕೂಸಿಗೆ ವಿಭೂತಿ ಹಚ್ಚಿ ಹರಸಿದ. ದೇವರ ಜಗಲಿಯ ಮುಂದೆ ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಇಟ್ಟು ಅದರ ಮೇಲೆ ಕೈ ಹಿಡಿದು ಬಹಳ ಹೊತ್ತು ತುಟಿ ಅಲುಗಾಡಿಸಿದ. ನಾವು ಹೆಂಗಸರು ಸಾಲಾಗಿ ಕೂತಿದ್ದೆವು. ಎದುರು ಕಂಬಕ್ಕೆ ಒರಗಿ ಮಾವನವರು, ಅವರ ಬದಿಗೆ ಅತ್ತೆ. ಮುಂಜಾನೆಯಿಂದ ಯಾರೂ ನೀರು ಕುಡಿದಿರಲಿಲ್ಲ. ಅಕ್ಕ ನನ್ನ ಸೆರಗಿನ ಅಂಚನ್ನು ಹಿಡಿದುಕೊಂಡಿದ್ದಳು.

"ಮದಲ ನಾ ಅಗೀತೀನಿ," ಎಂದೆ.

ಮುತ್ಯಾ ನನ್ನ ಅಂಗೈಗೆ ಅಕ್ಕಿ ಹಾಕಿದ. ಬಾಯಿಗೆ ಹಾಕಿಕೊಂಡೆ. ಅಲ್ಲಿಯ ತನಕ ನಾನು ನೋಡುತ್ತ ನಿಂತವಳು. ಮೊದಲ ಸಲ ಹಲ್ಲು ಊರಿದ ಕೂಡಲೇ, ಎಲ್ಲರ ಕಣ್ಣೂ ನನ್ನ ದವಡೆಯ ಮೇಲಿರುವುದು ಮೈಗೆ ತಿಳಿಯಿತು. ಅಕ್ಕಿ ಟಕಟಕ ಒಡೆಯುವ ಸಪ್ಪಳ ಇಡೀ ಪಡಸಾಲೆಗೆ ಕೇಳಿಸುವಂತಿತ್ತು. ಜೊಲ್ಲು ಬರಲಿ ಎಂದು ಹುಣಸೆಹಣ್ಣನ್ನು ನೆನೆದೆ. ಬರಲಿಲ್ಲ. ಅಗಿದಷ್ಟೂ ಬಾಯಿ ತುಂಬ ನುಣುಪಾದ ಧೂಳು. ಅದು ಹಲ್ಲಿನ ಸಂದಿಗೆ, ಗಂಟಲಿಗೆ ಹಿಡಿಯಿತು. ಮುತ್ತುಗದ ಎಲೆಯ ಮೇಲೆ ಉಗುಳಿದಾಗ ಬಿದ್ದದ್ದು ಬೀಸುವ ಕಲ್ಲಿನಿಂದ ಉದುರುವಂಥ ಬಿಳಿ ಹಿಟ್ಟು.

ಈಗ ನಾನು ಮಾತಾಡಬೇಕು. ನೋಡಿರಿ, ನಾನು ಕದ್ದಿಲ್ಲ, ಆದರೂ ಒಣ ಬಂತು ಎನ್ನಬೇಕು. ಬಾಯಿ ತೆರೆದೆ. ಹಿಟ್ಟು ಗಂಟಲಿಗೆ ಅಡರಿ ಕೆಮ್ಮು ಬಂತು. ಕೆಮ್ಮಿದೆ, ಕೆಮ್ಮಿದೆ. ಒಂದು ಮಾತೂ ಹೊರಡಲಿಲ್ಲ.

"ಅರಳ ಹುರದಂಗ ಮಾತಾಡಾಕಿ," ಎಂದರು ಅತ್ತೆ. "ಇವತ್ತ ನೋಡ ಹ್ಯಾಂಗ ಬಾಯಿ ಬಿತ್ತು."

ನಾನು ಅಂಜಿದ್ದು ನನಗಾಗಿ. ಅಕ್ಕನ ನೆನಪು ಕೂಡ ಆ ಗಳಿಗೆಯಲ್ಲಿ ಇರಲಿಲ್ಲ. ಇವರು ನನ್ನನ್ನು ಕಳ್ಳಿ ಎಂದರೆ ಯಾರಿಗೆ ಏನು ಹೇಳಲಿ? ನಾನೇ ಕೈಚಾಚಿ ಅಕ್ಕಿ ಬೇಡಿ ತೆಗೆದುಕೊಂಡಿದ್ದೆನಲ್ಲ.

ಮುತ್ಯಾ ಎಲೆಯನ್ನು ನೋಡಿದ, ಮಾವನವರನ್ನು ನೋಡಿದ. ಬೀಗರ ಮಗಳನ್ನು, ಮನೆಗೆ ಬಂದ ಅತಿಥಿಯನ್ನು ಕಳ್ಳಿ ಎನ್ನುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

"ಇದನ್ನ ಹಿಡೀಬ್ಯಾಡ್ರಿ ಸಾವಕಾರ," ಎಂದ ಮೆಲ್ಲಗೆ. "ಈ ಕೂಸು ನಂಬಿದಾಕಿ ಅಲ್ಲ. ನಂಬದವರ ಬಾಯಾಗ ಅಕ್ಕಿ ನಡಿಯಂಗಿಲ್ಲ. ನಂಬಿದವರಿಗೆ ಅಷ್ಟ ಇದು."

ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಬಿಟ್ಟ ಮೇಲೆ ತಿಳಿಯಿತು ಏನಾಯಿತೆಂದು. ನನ್ನ ಒಣ ಅಕ್ಕಿ ಏನನ್ನೂ ರುಜುವಾತು ಮಾಡಲಿಲ್ಲ. ಎರಡೂ ಕಡೆಯಿಂದ ಗೆಲ್ಲುವ ನನ್ನ ವಾದಕ್ಕೆ ಮೂರನೆಯ ಬಾಗಿಲೊಂದಿತ್ತು, ಮುದುಕ ಅದರಿಂದ ಸಲೀಸಾಗಿ ಹೊರಗೆ ಹೋಗಿದ್ದ. ಮೇಲಾಗಿ ಈಗ ಅಕ್ಕನ ಸರದಿ. ಅಕ್ಕ ನಂಬಿದವಳು. ದಿನಾ ಆ ಜಗಲಿಯ ಮುಂದೆ ಕೂತು ಪೂಜೆ ಮಾಡುವವಳು. ಅವಳ ಬಾಯಲ್ಲಿ ಒಣ ಬಂದದ್ದು ಲೆಕ್ಕಕ್ಕೆ ಬರುತ್ತದೆ. ತಪ್ಪಿಸಿಕೊಳ್ಳಲು ಇದ್ದ ಒಂದು ಸಂದನ್ನೂ ನಾನೇ ಮುಚ್ಚಿಸಿಬಿಟ್ಟಿದ್ದೆ.

"ಕೈ ಹಿಡಿಯವ್ವಾ," ಎಂದ ಮುತ್ಯಾ.

ಅಕ್ಕ ಕೈ ಹಿಡಿಯಲಿಲ್ಲ. ನನ್ನ ಸೆರಗನ್ನು ಬಿಟ್ಟಳು. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತಳು.

"ಹಿಡಿ," ಎಂದರು ಅತ್ತೆ.

ಸುಮ್ಮನೆ ಕೂತಿದ್ದಳು.

"ಅಗಿಯಂಗಿಲ್ಲ ಅಂದ್ರ ತಗೊಂಡೀನಿ ಅಂತ ಒಪ್ಪಿಕೊಂಡಂಗ. ತಿಳೀತೇನು?"

ಎದೆಯ ಮೇಲೆ ಕಲ್ಲು ಹೇರಿಸಿಕೊಂಡ ಆ ಮುದುಕ ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಸುಮ್ಮನಿದ್ದರೆ ಒಪ್ಪಿಕೊಂಡಂತಲ್ಲ, ಆರೋಪ ಹೊತ್ತವನ ಬಾಯಿಂದಲೇ ಅವನ ವಿರುದ್ಧ ಸಾಕ್ಷಿ ಹೇಳಿಸಕೂಡದು ಎಂದು ಅಮೆರಿಕದವರೂ ಬರೆದುಕೊಂಡಿದ್ದಾರೆ, ನಾವೂ ಬರೆದುಕೊಂಡಿದ್ದೇವೆ. ಎಲ್ಲವೂ ನನಗೆ ಬಾಯಿಪಾಠ. ಆದರೆ ಬಾಯಿಯೇ ಇರಲಿಲ್ಲ. ಗಂಟಲಲ್ಲಿ ಹಿಟ್ಟು.

ಆಗ ಅಕ್ಕ ತಲೆ ಎತ್ತಿದಳು. ಮಾತು ಒಡೆದೊಡೆದು ಬಂತು, ಆದರೆ ಬಂತು.

"ನನ್ನ ಬಾಯಿ ಒಣಗೇತಿ ಅತ್ತಿ. ಅದನ್ನ ನೋಡಾಕ ಅಕ್ಕಿ ಯಾಕ ಬೇಕು?"

ಮುತ್ಯಾ ಎತ್ತಿದ್ದ ಅಕ್ಕಿಯನ್ನು ತಿರುಗಿ ತಾಟಿಗೆ ಬಿಟ್ಟ.

"ಇವತ್ತಷ್ಟ ಒಣಗಿಲ್ಲ. ಈ ಮನಿ ಹೊಸ್ತಲ ದಾಟಿ ಬಂದಾಗಿಂದ ಒಣಗೇತಿ. ನೀವು ನನ್ನ ಹೆಸರ ಹಿಡದ ಕೂಗಿದ್ರ ಒಣಗತೈತಿ. ಸಾರಿಗೆ ಉಪ್ಪ ಹೆಚ್ಚಾತೇನ ಅಂದ್ರ ಒಣಗತೈತಿ. ಹಂಗಾದ್ರ ದಿನಾ ಏನ ಕದ್ದೀನಿ ನಾನು?"

ಅತ್ತೆಯ ಮುಖ ಸಿಟ್ಟಿನಿಂದ ಕೆಂಪಾಯಿತೋ ಬೇರೆ ಯಾವುದರಿಂದಲೋ, ನನಗೆ ತಿಳಿಯಲಿಲ್ಲ. ಅವರು ಗಂಡನ ಕಡೆ ತಿರುಗಿದರು. ಮಾವನವರು ಸೊಸೆಯನ್ನು ನೋಡುತ್ತಿದ್ದರು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವಳು ಅವರ ಎದುರಿಗೆ ಅಷ್ಟು ಮಾತು ಆಡಿರಲಿಲ್ಲ.

ಸಾಲಿನ ಕೊನೆಯಿಂದ ದೊಡ್ಡ ನೆಗೆಣ್ಣಿ, "ನಂದೂ ಒಣಗೇತ್ರಿ," ಎಂದಳು. ಕೀಲಿಕೈ ಅಕ್ಕನ ಹತ್ತಿರವೇ ಇತ್ತೆಂದು ಮೊದಲ ದಿನದಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದವಳು ಅವಳೇ. "ನನಗೂ ಅಕ್ಕಿ ಬ್ಯಾಡ."

ಮಾವನವರು ಎದ್ದರು. ತಾಟನ್ನು ತಾವೇ ಎತ್ತಿ ಮುತ್ಯಾನ ಮುಂದೆ ಇಟ್ಟರು. "ಸಾಕು ಮುತ್ಯಾ. ಊಟ ಮಾಡಕೊಂಡ ಹೋಗು," ಎಂದಷ್ಟೇ ಹೇಳಿ ಅಂಗಡಿಗೆ ನಡೆದರು. ತೀರ್ಪು ಕೊಡಲಿಲ್ಲ. ಬೋರಮಾಳ ಅಂದೂ ಸಿಗಲಿಲ್ಲ, ನಾನು ಇದನ್ನು ಬರೆಯುವ ಹೊತ್ತಿನ ತನಕವೂ ಸಿಕ್ಕಿಲ್ಲ.

ಊರಿಗೆ ಮರಳುವಾಗ ರೋಣದಲ್ಲಿ ಇಳಿದು ವಕೀಲ ಅಜ್ಜನವರಿಗೆ ಎಲ್ಲ ಹೇಳಿದೆ. ಅವರು ನಗುತ್ತಾರೆಂದು ಸಿದ್ಧಳಾಗಿ ಹೋಗಿದ್ದೆ. ನಗಲಿಲ್ಲ. ನಿನ್ನ ಅಕ್ಕ ಈಗ ಹೇಗಿದ್ದಾಳೆ ಎಂದು ಕೇಳಿದರು. ಅತ್ತೆ ಅವಳ ಜತೆ ಮಾತು ಬಿಟ್ಟಿದ್ದಾರೆ ಎಂದೆ.

"ಹಂಗಾದ್ರ ಖಟ್ಲೆ ಇನ್ನೂ ನಡದದ. ಆ ಶಾಲಿ ತೀರ್ಪು ತಗಿ, ಇವತ್ತ ಅದನ್ನ ಓದು. ಕೋರ್ಟು ಬಾಗಿಲ ತಗೀರಿ ಅಂತು. ತೀರ್ಪು ಸಣ್ಣದದ, ಲಗೂ ಮುಗೀತದ. ಬಾಗಲದಾಗ ಮಂದಿ ಅಡ್ಡ ನಿಂತಾರಲ್ಲ, ಅದು ಲಗೂ ಮುಗಿಯೂದಲ್ಲ. ಅದನ್ನ ಪೇಪರಿನ್ಯಾಗ ಓದಬೇಕು, ದಿನಾ."

ಓದಿದೆ. ಆದರೆ ಮನಸ್ಸು ಆ ಮಕ್ಕಳ ಹತ್ತಿರ ನಿಲ್ಲಲಿಲ್ಲ, ಸವಡಿಯ ಆ ಸೊಸೆಯ ಹತ್ತಿರ ಹೋಗಿ ನಿಂತಿತು.

ಧಾರವಾಡದ ಚರ್ಚಾಸ್ಪರ್ಧೆಯಲ್ಲಿ ಎರವಲಲ್ಲ ಎಂಬ ಪಕ್ಷದಲ್ಲಿ ಮಾತಾಡಿದೆ, ಬಹುಮಾನ ಬಂತು. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೆದಿಟ್ಟ ಹಕ್ಕು ಒಣಗಿದ ಬಾಯಿಗೆ ತಾನಾಗಿ ಒದಗುವುದಿಲ್ಲ, ಸಂವಿಧಾನದಿಂದ ಓದತೊಡಗಬೇಡಿ ಎಂದು ನಾನು ಈಗ ಹೇಳುವುದು ಅದಕ್ಕೇ.

ನಾಗರ ಪಂಚಮಿಗೆ ಅಕ್ಕ ನರಗುಂದಕ್ಕೆ ಬಂದಳು. ಎಲ್ಲ ಹೆಣ್ಣುಮಕ್ಕಳೂ ಬರುವ ಹಬ್ಬ, ಅದರಲ್ಲಿ ವಿಶೇಷವಿಲ್ಲ. ಹಬ್ಬ ಮುಗಿದ ಮೇಲೆ ಅತ್ತೆಯ ಮನೆಯಿಂದ ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಅದರಲ್ಲಿ ಇತ್ತು ಎಲ್ಲ. ಓಣಿಯ ಬೇರೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೋದರು. ಜೋಕಾಲಿಯ ಹಗ್ಗ ಬಿಚ್ಚಿದರು. ನಮ್ಮ ಮನೆಗೆ ಯಾರೂ ಬರಲಿಲ್ಲ. ಗಜೇಂದ್ರಗಡದ ಕಡೆಯ ಬಸ್ಸು ನಿಂತ ಸಪ್ಪಳವಾದರೆ ಅವ್ವ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಅಪ್ಪ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುತ್ತಿದ್ದರು. ನಾನು ಕಾಲೇಜಿಗೆ ಮರಳುವ ದಿನವನ್ನು ಮುಂದೂಡಿದೆ. ನಾಲ್ಕು ದಿನ ಹೋಗಿ ಬಾ ಎಂದು ಅವರು ಅಕ್ಕನಿಗೆ ಹೇಳಿ ಕಳಿಸಿದ್ದರೇ? ಕೇಳಲು ನನಗೆ ಧೈರ್ಯವಾಗಲಿಲ್ಲ.

ಬಂದವರು ಮಾವನವರೇ. ಭಾವನನ್ನು ಕಳಿಸದೆ ತಾವೇ ಬಂದಿದ್ದರು. ಅಪ್ಪ ಎದ್ದು, "ಬರ್ರಿ, ಬರ್ರಿ," ಎಂದು ಕಾಲಿಗೆ ನೀರು ಕೊಡಿಸಿದರು. ಅವ್ವ ಆಗಲೇ ಒಳಗೆ ಪಂಚಮಿಯ ಉಂಡಿಗಳನ್ನು ಅರಿವೆಯಲ್ಲಿ ಕಟ್ಟತೊಡಗಿದ್ದಳು.

"ಸೊಸೀನ ಕರಕೊಂಡ ಹೋಗಾಕ ಬಂದೀನ್ರಿ," ಎಂದರು ಮಾವನವರು.

ಅಕ್ಕ ನಡುಬಾಗಿಲಿಗೆ ಬಂದು ನಿಂತಳು. ಸೆರಗು ತಲೆಯ ಮೇಲಿತ್ತು. "ಸೊಸಿ ಅಂತ ಕರಕೊಂಡ ಹೊಂಟೀರೋ ಮಾವಾರ, ಕಳ್ಳಿ ಅಂತನೋ?"

ಅಪ್ಪನ ಕೈಯಲ್ಲಿಯ ಎಲೆ ಅಡಿಕೆಯ ತಾಟು ನಡು ದಾರಿಯಲ್ಲಿ ನಿಂತಿತು. ನನಗೆ ಓಡಿಹೋಗಿ ಅವಳ ಬಾಯಿ ಮುಚ್ಚಬೇಕೆನಿಸಿತು. ಹೌದು, ನನಗೆ. ಕರೆಯಲು ಬಂದವರು ತಿರುಗಿ ಹೋದರೆ ಗತಿಯೇನು?

ಮಾವನವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನಿಮ್ಮತ್ತಿ ಸಂಶೆ ಬಿಟ್ಟಿಲ್ಲವಾ. ಬಿಟ್ಟಾಳ ಅಂತ ಸುಳ್ಳ ಹೇಳಿ ಕರಕೊಂಡ ಹೋಗಂಗಿಲ್ಲ. ನಾ ಸೊಸಿ ಅಂತ ಬಂದೀನಿ. ಇನ್ನ ಮ್ಯಾಲ ಯಾರ ಬಾಯಾಗೂ ಅಕ್ಕಿ ಹಾಕಂಗಿಲ್ಲ, ಏನ ಕಳದ್ರೂ. ಅಷ್ಟ ನನ್ನ ಕೈಯಾಗ ಐತಿ."

ಅಕ್ಕ ವಿಚಾರ ಮಾಡಿದಳು. ನಾವೆಲ್ಲ ಅವಳನ್ನು ನೋಡುತ್ತಿದ್ದೆವು.

"ನಾಳೆ ಬರ್ತೀನ್ರಿ," ಎಂದಳು. "ಇವತ್ತ ಇಲ್ಲೇ ಇರ್ರಿ. ಉಂಡು ಮಲಗ್ರಿ."

ಒಳಗೆ ಬಂದವಳನ್ನು ಅಡುಗೆಮನೆಯ ಗೋಡೆಗೆ ಒತ್ತಿ ಹಿಡಿದೆ. "ಅಂಜಿಕಿ ಬರಲಿಲ್ಲೇನ ನಿನಗ? ಅವರು ಎದ್ದ ಹೋಗಿದ್ರ?"

"ಬಂತು. ಈಗೂ ಐತಿ." ಅವಳ ಕೈ ನನ್ನ ಕೈಗಿಂತ ತಣ್ಣಗಿತ್ತು. "ಸರಿ, ದಾರಿ ಬಿಡು. ಮಾವಾರಿಗೆ ರೊಟ್ಟಿ ಬಿಸಿ ಇರಬೇಕು."